ಪದಚರ್ಚೆ: ರೈಲಿನ ವೈಫೈಗೆ ‘ಅಂತರ್ಜಾಲ’ ಎನ್ನಬಹುದೇ? (ತುರ್ತು)

ಎಲ್ಲರಿಗೂ ನಮಸ್ಕಾರ.

ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗಬೇಕಾದ ಕಾರ್ಡೊಂದರ ಅನುವಾದ ಕೈಯಲ್ಲಿದೆ. ಧಾರವಾಡದಿಂದ ವಂದೇ ಭಾರತ್‌ನಲ್ಲಿ ಬೆಂಗಳೂರಿಗೆ ಬಂದು, ಒಂದು ರಾತ್ರಿ ತಂಗಿ, ಮರುದಿನ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಗೆ ಹೊರಡುವ ಯಾತ್ರಿಕರಿಗೆ ಹಂಚುವ ಕಾರ್ಡು. ಹೆಚ್ಚಿನವರು ಅರವತ್ತು ದಾಟಿದವರು. ಮೂಲದಲ್ಲಿ ‘ಆನ್‌ಬೋರ್ಡ್ ಅಮೆನಿಟೀಸ್’ ಎಂಬ ತಲೆಬರಹ, ಕೆಳಗೆ ವೈಫೈ ಇನ್ಫೋಟೈನ್‌ಮೆಂಟ್, ಪ್ಯಾಂಟ್ರಿ ಕಾರ್, ಬೆಡ್‌ರೋಲ್, ಚಾರ್ಜಿಂಗ್ ಪಾಯಿಂಟ್. ಕಾರ್ಡಿನವರು ಯಂತ್ರಾನುವಾದ ಮಾಡಿಸಿ ಕಳಿಸಿದ್ದ ಕನ್ನಡದಲ್ಲಿ ‘ಮಂಡಳಿಯ ಮೇಲಿನ ಸೌಕರ್ಯಗಳು’ ಎಂದಿತ್ತು! ನಾನು ‘ರೈಲಿನೊಳಗಿನ ಸೌಲಭ್ಯಗಳು’ ಎಂದು ತಿದ್ದಿ, ವೈಫೈ ಸಾಲಿಗೆ ‘ಉಚಿತ ಅಂತರ್ಜಾಲ’ ಎಂದು ಹಾಕಿದ್ದೇನೆ. ಪ್ಯಾಂಟ್ರಿಗೆ ‘ಭೋಜನಡಬ್ಬಿ’. ನಡೆಯುತ್ತದೆಯೇ?

— ಅನುವಾದಕಿ, ಮೈಸೂರು

---

> ಉಚಿತ ಅಂತರ್ಜಾಲ

ತಪ್ಪು. ಅಂತರ್ ಎಂದರೆ ಒಳಗೆ: ಅಂತರ್ಜಲ, ಅಂತರ್ಮುಖಿ. ಜಾಲಜಾಲಗಳ ನಡುವಿನದಕ್ಕೆ ಅಂತರಜಾಲ ಎಂದೇ ಬರೆಯಬೇಕು. ಈ ಬಳಗದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

> ಭೋಜನಡಬ್ಬಿ

ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದ್ದು. ವ್ಯಾಕರಣಕಾರ ಕೇಶಿರಾಜನ ಕಾಲಕ್ಕೇ ದೋಷ.

— ಶಿವಮೊಗ್ಗ

---

ಮೇಷ್ಟ್ರೇ, ಅಂತರ್ಜಾತೀಯ ವಿವಾಹ ಅಂದರೆ ಜಾತಿಯೊಳಗಿನ ಮದುವೆಯೋ? ಅಂತರ್ ಎಂಬ ಅವ್ಯಯಕ್ಕೆ ‘ನಡುವೆ’ ಎಂಬ ಅರ್ಥವೂ ಇದೆ. ಅಂತರ್ + ರಾಷ್ಟ್ರೀಯ ಸೇರುವಾಗ ಒಂದು ರೇಫ (ರ್) ಲೋಪವಾಗಿ ಹಿಂದಿನ ಸ್ವರ ದೀರ್ಘವಾಯಿತು, ಅದಕ್ಕೇ ಅಂತಾರಾಷ್ಟ್ರೀಯ. ನಿಮ್ಮ ‘ಅಂತರ’ದಿಂದ ಆ ದೀರ್ಘ ಹುಟ್ಟುವುದಿಲ್ಲ. ಇನ್ನು ಅರಿಸಮಾಸ ಬೇಡವೆಂದರೆ ಮೊದಲು ಮಂಗಳಾರತಿ ನಿಲ್ಲಿಸಿ. ಇಲ್ಲಿ ದಿನಾ ಎತ್ತುವವರು ನೀವೇ.

ಪ್ಯಾಂಟ್ರಿಯ ಕತೆ ಇದಕ್ಕಿಂತ ರುಚಿ. ಹಳೆಯ ಫ್ರೆಂಚಿನಲ್ಲಿ ಅದು ರೊಟ್ಟಿ ಇಡುವ ಕೋಣೆ. ಬೇರು ಲ್ಯಾಟಿನ್ನಿನ ಪಾನಿಸ್. ಅದೇ ಬೇರು ಪೋರ್ಚುಗೀಸರ ಬಾಯಲ್ಲಿ ಸವೆದು ನಮ್ಮ ಕರಾವಳಿಗೆ ‘ಪಾವ್’ ಆಗಿ ಬಂತು. ಪಾವ್ ಒಪ್ಪಿದ ಬಾಯಿಗೆ ಪ್ಯಾಂಟ್ರಿ ಯಾಕೆ ಕಹಿ?

— ಉಡುಪಿ

---

ಬಾಣಲೆಯಿಂದ ಬೆಂಕಿಗೆ. ಇಂಗ್ಲಿಶ್ ಬಿಟ್ಟು ಸಂಸ್ಕ್ರುತ ಹಿಡಿಯುವುದಕ್ಕೆ ಕನ್ನಡ ಎನ್ನುತ್ತೀರಿ. ಅಂತರ್, ಅಂತರ ಎರಡೂ ನಮ್ಮವಲ್ಲ. ಇಂಟರ್ನೆಟ್ಟಿಗೆ ‘ಮಿಂಬಲೆ’ ಇದೆ, ಬಳಸಿ. ಪ್ಯಾಂಟ್ರಿಗೆ ಅಡುಗೆಬಂಡಿ. ಬೆಡ್‌ರೋಲಿಗೆ ಹಾಸುಹೊದಿಕೆ. ಮುಗಿಯಿತು.

— ಬೆಂಗಳೂರು

---

ಅಕ್ಕಾರ, ನಾ ಮೂವತ್ತು ವರ್ಷ ರೇಲ್ವೇದಾಗ ದುಡದಂವ. ಅಂತರ್ ಇರ್ಲಿ, ಅಂತರ ಇರ್ಲಿ, ಮಿಂಬಲೀನ ಇರ್ಲಿ. ಆ ವಂದೇ ಭಾರತ್ ವೈಫೈದಾಗ ಇಂಟರ್ನೆಟ್ಟ ಇಲ್ಲಲ್ರೀ! ಗಾಡಿಯೊಳಗ ಒಂದು ಸರ್ವರ್ ಇಟ್ಟಿರ್ತಾರ, ಅದ್ರಾಗ ತುಂಬಿದ ಸಿನಿಮಾ, ಹಾಡು ನಿಮ್ಮ ಮೊಬೈಲಿಗೆ ಬರ್ತಾವ, ಅಷ್ಟ. ಮಮ್ಮಗಗ ವಿಡಿಯೊ ಕಾಲ್ ಮಾಡ್ತೀನಿ ಅಂತ ಕುಂತ ಅಜ್ಜಿಗೆ ಏನ್ ಹೇಳ್ತೀರಿ?

ಓಡೋ ಗಾಡಿಗೆ ಖರೇನ ಇಂಟರ್ನೆಟ್ಟ ಕೊಡೋದನ್ನೂ ನೋಡ್ಯಾರ. 2013ರಾಗ ಹೌರಾ ರಾಜಧಾನಿಗೆ ಉಪಗ್ರಹದಿಂದ ಹಾಕಿದ್ರು. ಖರ್ಚು ಭಾಳ, ಬ್ಯಾಂಡ್‌ವಿಡ್ತ್ ಸಾಲಂಗಿಲ್ಲ ಅಂತ ಕೈಬಿಟ್ರು, 2021ರಾಗ ಸಂಸತ್ತಿನೊಳಗ ಹಂಗ ಹೇಳಿದ್ರು. ಸ್ಟೇಷನ್ನಿನ ವೈಫೈ ಬ್ಯಾರೆ. ಅದು ರೇಲ್ವೇದ ಕಂಪನಿ ರೈಲ್‌ಟೆಲ್‌ದು, 2016ರಾಗ ಮುಂಬೈ ಸೆಂಟ್ರಲ್‌ದಾಗ ಶುರು ಆತು. ಅದು ಖರೇ ಇಂಟರ್ನೆಟ್ಟ, ಆದ್ರ ಪ್ಲಾಟ್‌ಫಾರ್ಮ್ ದಾಟಿದ್ರ ಮುಗೀತು.

ಮತ್ತ ‘ಭೋಜನಡಬ್ಬಿ’ ಅಂದ್ರ ನಮ್ಮ ಕಡೆ ಮಂದಿ ಬುತ್ತಿ ಕೊಡ್ತಾರಂತ ಕೈ ಚಾಚ್ತಾರ. ಕೋಚಿಗೂ ಡಬ್ಬಿ ಅಂತೀವಿ, ರೊಟ್ಟಿ ಕಟ್ಕೊಂಡು ಹೋಗೋದೂ ಡಬ್ಬೀನ.

— ರೇಲ್ವೆ ನಿವೃತ್ತ, ಹುಬ್ಬಳ್ಳಿ

---

ನೋಡಿದಿರಾ! ಒಳಗೇ ಸುತ್ತುವ ಜಾಲ. ಹಾಗಾದರೆ ರೈಲಿನಲ್ಲಿರುವುದು ಅಂತರ್ಜಾಲವೇ, ಅಂತರಜಾಲವಲ್ಲ. ಅನುವಾದಕಿ ತಿಳಿಯದೆ ಸರಿಯಾದದ್ದನ್ನೇ ಬರೆದಿದ್ದಾರೆ. ಮೊದಲಿನ ‘ತಪ್ಪು’ ಹಿಂಪಡೆಯುತ್ತೇನೆ. ಅರಿಸಮಾಸದ್ದು ಹಿಂಪಡೆಯುವುದಿಲ್ಲ.

— ಶಿವಮೊಗ್ಗ

---

ನಿಮ್ಮ ವ್ಯಾಕರಣ ಗೆದ್ದರೂ ಅಜ್ಜಿಯ ಫೋನು ಹತ್ತುವುದಿಲ್ಲ. ಓದುವವರು ನಿಘಂಟು ಹಿಡಿದುಕೊಂಡು ರೈಲು ಹತ್ತುತ್ತಾರೆಯೇ? ಅಂತರ್ಜಾಲ ಎಂದರೆ ಜನರಿಗೆ ಇಂಟರ್ನೆಟ್ಟು, ಅಷ್ಟೇ.

ಇನ್ನೊಂದು. ಸುಕರದಿಂದ ಸೌಕರ್ಯ, ಸುಲಭದಿಂದ ಸೌಲಭ್ಯ. ಸುಲಭ ಎಂದರೆ ಸುಲಭವಾಗಿ ಸಿಗುವುದು. ರೈಲಿನ ಯಾವ ವಸ್ತುವಿಗೂ ನಾನು ಆ ಮಾತು ಹೇಳಲಾರೆ. ‘ರೈಲಿನ ಸೌಕರ್ಯಗಳು’ ಎನ್ನಿ. ‘ಒಳಗಿನ’ ಬೇಕಿಲ್ಲ, ಷಷ್ಠಿಯೇ ಸಾಕು. ಆನ್‌ಬೋರ್ಡ್ ಎಂಬುದಕ್ಕೆ ನಾವು ಹಲಗೆ ಹುಡುಕಬೇಕಾಗಿಲ್ಲ.

— ಉಡುಪಿ

---

> ಜನರಿಗೆ ಇಂಟರ್ನೆಟ್ಟು, ಅಷ್ಟೇ

ಈ ‘ಜನ ಹೇಳುತ್ತಾರೆ’ ಎಂಬ ನೆವದಲ್ಲೇ ಕನ್ನಡ ಸೊರಗಿದ್ದು. ಎಲ್ಲ ನುಡಿಗಳೂ ಪದ ಕಟ್ಟುತ್ತವೆ, ನಾವು ಮಾತ್ರ ಸಾಲ ತರುತ್ತೇವೆ. ವಯ್ಫಯ್‌ಗೂ ಪದ ಬೇಕು. ‘ತಂತಿಯಿಲ್ಲದ ಬಲೆ’ ಎಂದರೆ ಯಾವ ಅಜ್ಜಿಗೆ ತಿಳಿಯದು?

— ಬೆಂಗಳೂರು

---

ಯಾವ ಅಜ್ಜಿಗೂ ತಿಳಿಯದು. ನನ್ನ ಅಮ್ಮನನ್ನು ಈಗಷ್ಟೇ ಕೇಳಿದೆ, ‘ಮೀನು ಹಿಡಿಯೋದಾ?’ ಅಂದರು.

ವೈಫೈ ಎಂಬುದು 1999ರ ಸುಮಾರಿಗೆ ಬ್ರ್ಯಾಂಡ್ ಹೆಸರು ಕಟ್ಟಿಕೊಡುವವರು ಹುಟ್ಟಿಸಿದ ಅಂಕಿತನಾಮ. ಅದರಲ್ಲಿ ಅನುವಾದ ಮಾಡುವುದಕ್ಕೆ ಅರ್ಥವೇ ಇಲ್ಲ. ಸಾಲ ಅಂದಿರಿ. ನೀವು ಬಟ್ಟೆ ಇಡುವ ಅಲಮಾರು, ಅದರ ಚಾವಿ, ಎರಡೂ ಪೋರ್ಚುಗೀಸರಿಂದ ತಂದವು. ಯಾವಾಗ ಹಿಂದಿರುಗಿಸುತ್ತೀರಿ?

— ಉಡುಪಿ

---

ನಮ್ಮಲ್ಲಿ ಬೀಗದ ಕಯ್ ಎನ್ನುತ್ತೇವೆ. ಚಾವಿ ನಿಮ್ಮದು.

— ಬೆಂಗಳೂರು

---

ಎಲ್ಲರಿಗೂ ವಂದನೆಗಳು, ವಿಶೇಷವಾಗಿ ಹುಬ್ಬಳ್ಳಿಯ ಹಿರಿಯರಿಗೆ. ಅವರು ಹೇಳದಿದ್ದರೆ ಕಾರ್ಡಿನಲ್ಲಿ ಸುಳ್ಳು ಅಚ್ಚಾಗುತ್ತಿತ್ತು. ಸಂಸ್ಥೆಗೆ ಫೋನ್ ಮಾಡಿ ‘ಉಚಿತ ಅಂತರ್ಜಾಲ’ ತೆಗೆಸಿದೆ. ಅವರಿಗೆ ಇಷ್ಟವಿರಲಿಲ್ಲ, ‘ಉಚಿತ’ ಅಂತ ಇದ್ದರೆ ಚೆನ್ನಾಗಿ ಕಾಣುತ್ತದಂತೆ. ಈಗ ಹೀಗಿದೆ:

ರೈಲಿನ ಸೌಕರ್ಯಗಳು

ವೈಫೈ (ವಂದೇ ಭಾರತ್‌ನಲ್ಲಿ): ರೈಲಿನಲ್ಲೇ ತುಂಬಿಟ್ಟ ಸಿನಿಮಾ, ಹಾಡುಗಳನ್ನು ನಿಮ್ಮ ಮೊಬೈಲಿನಲ್ಲಿ ನೋಡಬಹುದು. ವಾಟ್ಸಾಪ್, ಫೋನ್‌ಪೇ, ವಿಡಿಯೊ ಕರೆಗೆ ನಿಮ್ಮ ಸಿಮ್‌ನ ಡೇಟಾ ಬೇಕು.

ಅಡುಗೆ ಬೋಗಿ (ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ): ಊಟ, ಕಾಫಿ, ಟೀ ನಿಮ್ಮ ಸೀಟಿಗೇ ಬರುತ್ತದೆ. ಹಣ ಕೊಟ್ಟು ಕೊಳ್ಳಬೇಕು.

ಹಾಸು-ಹೊದಿಕೆ: ಎಸಿ ಸ್ಲೀಪರಿನವರಿಗೆ ಚಾದರ, ದಿಂಬು, ಕಂಬಳಿ ಕೊಡುತ್ತಾರೆ. ಇಳಿಯುವಾಗ ಅಲ್ಲೇ ಬಿಡಿ.

ಮೊಬೈಲ್ ಚಾರ್ಜಿಂಗ್: ರಾತ್ರಿ 11ರಿಂದ ಬೆಳಗಿನ 5ರವರೆಗೆ ಕರೆಂಟು ತೆಗೆದಿರುತ್ತಾರೆ. ಅದಕ್ಕೆ ಮೊದಲೇ ಚಾರ್ಜ್ ಮಾಡಿಕೊಳ್ಳಿ.

ಕೊನೆಯ ಸಾಲೂ ಹುಬ್ಬಳ್ಳಿಯವರು ಖಾಸಗಿಯಾಗಿ ಬರೆದು ಹೇಳಿದ್ದು. ಬೆಂಕಿಯ ಭಯಕ್ಕೆ 2021ರಲ್ಲಿ ಬಿಗಿಗೊಳಿಸಿದ ನಿಯಮವಂತೆ, ಮೂಲದಲ್ಲಿ ಇರಲೇ ಇಲ್ಲ. ಹಾಸುಹೊದಿಕೆ ಬೆಂಗಳೂರಿನವರದು. ‘ಡಬ್ಬಿ’ ಬಿಟ್ಟು ‘ಬೋಗಿ’ ಹಾಕಿದ್ದೇನೆ, ಅದಕ್ಕಾದರೂ ಯಾರ ತಕರಾರೂ ಇರಲಾರದು. ಕಳಿಸಿ ಅರ್ಧ ಗಂಟೆಯಾಯಿತು, ಅಚ್ಚಾಗುತ್ತಿದೆ.

— ಅನುವಾದಕಿ, ಮೈಸೂರು

---

> ಅಡುಗೆ ಬೋಗಿ

ಅಕ್ಕಾರ, ಬೋಗಿ ಅಂದ್ರ ಡಬ್ಬಿ ಕೆಳಗ ಗಾಲಿ ಕೂಡಿಸಿರೋ ಚೌಕಟ್ಟು. ಅದ್ರ ಮ್ಯಾಲ ಯಾರೂ ಅಡಿಗಿ ಮಾಡಂಗಿಲ್ಲ.

— ಹುಬ್ಬಳ್ಳಿ