ಎಂಟು ಅಡಿ ಸುತ್ತಿನ ಹೆಬ್ಬಲಸು ಬಿದ್ದಿದೆ, ಯಾವ ಮಿಷನ್ ತೆಕ್ಕೊಳ್ಳಲಿ?

ಪ್ರಶ್ನೆ (ಹೆಬ್ರಿ ಕಡೆಯ ಕೃಷಿಕರು): ಮೊನ್ನೆಯ ಗಾಳಿಮಳೆಗೆ ಗುಡ್ಡೆ ಬದಿಯ ಹೆಬ್ಬಲಸು ಬೇರುಸಮೇತ ಮಗುಚಿ ಬಿತ್ತು. ಸುತ್ತಳತೆ ಎಂಟು ಅಡಿ. ಅದು ಬೀಳುವಾಗ ಪಕ್ಕದ ಕಿರಾಲುಬೋಗಿಯನ್ನೂ ಎಳೆದುಕೊಂಡು ಹೋಗಿದೆ. ನನ್ನ ಹತ್ತಿರ 45 ಸಿಸಿಯ ಚೈನ್ ಸಾ (ಮರ ಕೊಯ್ಯುವ ಮಿಷನ್) ಉಂಟು, 18 ಇಂಚು ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ). ಗೆಲ್ಲು ಕಡಿಯಲು ತೊಂದರೆ ಇಲ್ಲ, ಕಾಂಡಕ್ಕೆ ಇಟ್ಟರೆ ಎಳೆಯುವುದಿಲ್ಲ. ಮಳೆಗಾಲದಲ್ಲಿ ಅಕ್ಕಪಕ್ಕದ ತೋಟದವರೂ ಕರೆಯುತ್ತಾರೆ, ಹಾಗಾಗಿ ಬಾಡಿಗೆ ಕೆಲಸಕ್ಕೂ ತಡೆಯುವಂಥ ಮಿಷನ್ ಬೇಕು. ಅಂಗಡಿಯವರು 36 ಇಂಚು ಬಾರ್ ಹಾಕಿದ 90 ಸಿಸಿಯದ್ದನ್ನು ತೋರಿಸಿದರು. ಅದನ್ನೇ ತೆಕ್ಕೊಳ್ಳುವುದಾ?

ಉತ್ತರ (ಕಾರ್ಕಳ, ಮರ ಕೊಯ್ಯುವುದು ಮತ್ತು ಮಿಷನ್ ರಿಪೇರಿ): ಬೇಡ ಅಣ್ಣ. ಮೊದಲು ಲೆಕ್ಕ ಮಾಡುವ. ಎಂಟು ಅಡಿ ಅಂದರೆ 96 ಇಂಚು, 3.14ರಿಂದ ಭಾಗಿಸಿದರೆ ಅಡ್ಡಳತೆ 30 ಇಂಚು ಚಿಲ್ಲರೆ. ಮರ ನೆಲದ ಮೇಲೆ ಮಲಗಿದೆ, ಎರಡೂ ಬದಿಯಿಂದ ಕೊಯ್ಯಬಹುದು. ಆಗ 20 ಇಂಚು ಬಾರ್‌ನಲ್ಲೇ ಕೆಲಸ ಆಗುತ್ತದೆ, 25 ಇದ್ದರೆ ಆರಾಮ. 36 ಇಂಚು ನಮ್ಮ ಗುಡ್ಡೆಯಲ್ಲಿ ಬರೀ ಭಾರ. ಬಾರ್‌ನ ತುದಿ ಆಚೆ ಬದಿಯಲ್ಲಿ ಕಾಣದೆ ಮುರಕಲ್ಲಿಗೆ ತಾಗಿದರೆ ಅರ್ಧ ನಿಮಿಷದಲ್ಲಿ ಚೈನ್‌ನ ಹಲ್ಲು ಹೋಯಿತು.

ನಿಮ್ಮ ಕೆಲಸಕ್ಕೆ ಸರಿಯಾದದ್ದು 70 ಸಿಸಿ ಆಸುಪಾಸಿನದ್ದು. ಸ್ಟಿಲ್ ಕಂಪೆನಿಯ ಎಂಎಸ್ 382 ಆದರೆ 72.2 ಸಿಸಿ, 3.9 ಕಿಲೋವಾಟ್, ಬಾರ್-ಚೈನ್ ಇಲ್ಲದೆ 6.2 ಕೆಜಿ. ಹಸ್ಕ್‌ವಾರ್ನಾದ 372 ಸಹ ಅದೇ ಜಾತಿಯದ್ದು, 70.7 ಸಿಸಿ. 90 ಸಿಸಿ ವರ್ಗದ ಸ್ಟಿಲ್ ಎಂಎಸ್ 661 ತೆಕ್ಕೊಂಡರೆ ಶಕ್ತಿ 5.4 ಕಿಲೋವಾಟ್, ಸುಳ್ಳಲ್ಲ. ಆದರೆ ತೂಕ 7.4 ಕೆಜಿ, ಅದರ ಮೇಲೆ ಬಾರ್, ಪೆಟ್ರೋಲ್, ಎಣ್ಣೆ. ಜಾರುವ ಕೆಮ್ಮಣ್ಣಿನ ಮೇಲೆ ಮಧ್ಯಾಹ್ನದವರೆಗೆ ಹಿಡಿದು ನೋಡಿ, ಆಮೇಲೆ ಮಾತಾಡುವ. ಇಂಥ ಮರ ನಿಮಗೆ ವರ್ಷಕ್ಕೊಂದು ಸಿಗುವುದು. ಉಳಿದದ್ದೆಲ್ಲ ಮಾವು, ಹಲಸು, ಮತ್ತಿ, ಅರ್ಧದಷ್ಟು ದಪ್ಪದವು.

ನಡುವೆ ಒಬ್ಬರು (ಬ್ರಹ್ಮಾವರ): ಆ 70 ಸಿಸಿಯದ್ದರ ಕಾಲುಭಾಗ ಬೆಲೆಗೆ 58 ಸಿಸಿ ಎಂದು ಸ್ಟಿಕ್ಕರ್ ಅಂಟಿಸಿದ್ದು 22 ಇಂಚು ಬಾರ್ ಸಮೇತ ಸಿಗುತ್ತದಲ್ಲ ಸರ್?

ಉತ್ತರ: ಸಿಗುತ್ತದೆ, ನಮ್ಮ ರಿಪೇರಿ ಬೆಂಚಿನ ಮೇಲೂ ಸಿಗುತ್ತದೆ. ತೆಂಗಿನ ಬುಡ ತುಂಡು ಮಾಡಲು, ಸೌದೆಗೆ ಸಾಕು. ದಿನವಿಡೀ ಗಟ್ಟಿ ತಿರುಳಿಗೆ ಹಾಕಿದರೆ ಬಿಸಿ ತಡೆಯುವುದಿಲ್ಲ. ಕೆಲಸದ ಮಿಷನ್‌ನಲ್ಲಿ ಎಂಜಿನ್‌ನ ಕ್ರ್ಯಾಂಕ್‌ಕೇಸ್ (ಹೊರಕವಚ) ಮೆಗ್ನೀಷಿಯಂನದ್ದು, ಬಿಚ್ಚಿ ಬೇರಿಂಗ್ ಬದಲಿಸಿ ಮತ್ತೆ ಜೋಡಿಸಬಹುದು. ಆಯಿಲ್ ಪಂಪ್‌ ತಿರುಗಿಸಿ ಹೆಚ್ಚು-ಕಡಿಮೆ ಮಾಡಲು ಬರಬೇಕು, ಉದ್ದ ಬಾರ್‌ಗೆ ಹೆಚ್ಚು ಎಣ್ಣೆ ಬೇಕಲ್ಲ. ಡಿಕಂಪ್ರೆಷನ್ ಬಟನ್ ಇದ್ದರೆ ಹಗ್ಗ ಎಳೆಯುವಾಗ ಭುಜ ಉಳಿಯುತ್ತದೆ. ಅದಕ್ಕಿಂತ ಮುಖ್ಯ, ಬಿಡಿಭಾಗ ಉಡುಪಿಯಲ್ಲೋ ಮಂಗಳೂರಿನಲ್ಲೋ ಸಿಗುತ್ತದಾ ಎಂದು ಮೊದಲೇ ವಿಚಾರಿಸಿ. ಜೂನ್‌ನಲ್ಲಿ ಕ್ಲಚ್ ಹೋಗಿ ಆಗಸ್ಟ್‌ನಲ್ಲಿ ಬಂದರೆ ಎಂತಕ್ಕೆ?

ಪ್ರಶ್ನೆ (ಹೆಬ್ರಿ): ಚೈನ್ ಯಾವುದು? ಕಿರಾಲುಬೋಗಿ ಕೊಯ್ಯುವಾಗ ಹೊಗೆಯೇ ಬರುತ್ತದೆ.

ಉತ್ತರ: ಹೊಗೆ ಬಂದರೆ ಮರದ ದೋಷ ಅಲ್ಲ, ಹಲ್ಲು ಮೊಂಡ. ಸರಿಯಾದ ಚೈನ್‌ನಿಂದ ಬೀಳುವುದು ಚಕ್ಕೆ, ಹುಡಿ ಬಿದ್ದರೆ ನಿಲ್ಲಿಸಿ ಅರ ಹಾಕಿ. 70 ಸಿಸಿಗೆ 3/8 ಇಂಚು ಪಿಚ್‌ನ (ಕೊಂಡಿಗಳ ಅಂತರದ ಅಳತೆ) ಚೈನ್ ಬರುತ್ತದೆ, 20 ಇಂಚು ಬಾರ್‌ಗೆ 72 ಡ್ರೈವ್ ಕೊಂಡಿ (ಬಾರ್‌ನ ಸೀಳಿನೊಳಗೆ ಓಡುವವು), 25ಕ್ಕೆ 84. ಅಂಗಡಿಯಲ್ಲಿ ಇಂಚು ಮಾತ್ರ ಹೇಳಿದರೆ ತಪ್ಪು ಚೈನ್ ಕೊಟ್ಟು ಕಳಿಸುತ್ತಾರೆ, ಡ್ರೈವ್ ಕೊಂಡಿ ಎಣಿಸಿ ಹೋಗಿ.

ಹಲ್ಲಿನ ಮೂಲೆ ಚೌಕ ಇರುವುದು ಫುಲ್ ಚಿಸೆಲ್. ಸ್ವಚ್ಛ ಹಸಿ ಮರದಲ್ಲಿ ಅದರ ವೇಗಕ್ಕೆ ಸಾಟಿಯಿಲ್ಲ, ಮಣ್ಣು ತಾಗಿದ ಕೂಡಲೇ ಮುಗಿಯಿತು. ನಿಮ್ಮದು ಬಿದ್ದ ಮರ, ತೊಗಟೆಯ ಒಳಗೆಲ್ಲ ಕೆಸರು. ಮೂಲೆ ಉರುಟಾದ ಸೆಮಿ ಚಿಸೆಲ್ ಹಾಕಿ, ಸ್ವಲ್ಪ ನಿಧಾನ, ಆದರೆ ಹರಿತ ನಿಲ್ಲುತ್ತದೆ. ಕೊಯ್ಯುವ ಜಾಗದ ತೊಗಟೆಯನ್ನು ಕತ್ತಿಯಲ್ಲಿ ಕೆತ್ತಿ ತೆಗೆದುಬಿಡಿ. ಅರ 5.2 ಮಿಲಿಮೀಟರಿನ ಉರುಟು, ಕೋನ 30 ಡಿಗ್ರಿ. ಹಲ್ಲಿನ ಮುಂದಿನ ಡೆಪ್ತ್ ಗೇಜ್ (ಹಲ್ಲು ಎಷ್ಟು ಆಳ ಕೊಯ್ಯಬೇಕೆಂದು ತಡೆಯುವ ಸಣ್ಣ ಉಬ್ಬು) ಹಲ್ಲಿಗಿಂತ 0.65 ಮಿಲಿಮೀಟರಷ್ಟು ತಗ್ಗಿರಬೇಕು. ಹೆಚ್ಚಿನವರು ಹಲ್ಲಿಗೆ ಮಾತ್ರ ಅರ ಹಾಕಿ ಇದನ್ನು ಮುಟ್ಟುವುದೇ ಇಲ್ಲ, ಆಮೇಲೆ ಮಿಷನ್‌ಗೆ ಪವರ್ ಇಲ್ಲ ಎಂದು ನಮ್ಮ ಹತ್ತಿರ ತರುತ್ತಾರೆ.

ಇನ್ನೊಂದು, ಹೆಬ್ಬಲಸಿನ ಮೇಣ ಚೈನ್‌ಗೆ ಹಿಡಿಯುತ್ತದೆ. ಸಂಜೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ ಇಡಿ. ಎರಡು ಚೈನ್ ಜೊತೆಗೇ ತೆಕ್ಕೊಳ್ಳಿ. 36 ಇಂಚು ಬಾರ್‌ಗೆ ಕೊಡುವ ದುಡ್ಡಿನಲ್ಲಿ ಅದು ಬರುತ್ತದೆ.

ನಡುವೆ ಇನ್ನೊಬ್ಬರು (ಮೂಡುಬಿದಿರೆ): ಬಾರ್‌ಗೆ ನಾವು ಹಳೆ ಎಂಜಿನ್ ಆಯಿಲ್ ಹಾಕುವುದು. ಕೆಲವರು ತೆಂಗಿನೆಣ್ಣೆ ಹಾಕುತ್ತಾರಂತೆ?

ಉತ್ತರ: ಹಳೆ ಎಂಜಿನ್ ಆಯಿಲ್‌ನಲ್ಲಿ ಲೋಹದ ಹುಡಿ ಇರುತ್ತದೆ, ಪಂಪ್ ತಿನ್ನುತ್ತದೆ, ನಿಮ್ಮ ಚರ್ಮಕ್ಕೂ ಒಳ್ಳೆಯದಲ್ಲ. ಬಾರ್ ಆಯಿಲ್ ಎಂದೇ ಬರುವುದು ಅಂಟಂಟು, ಚೈನ್‌ನಿಂದ ಹಾರಿ ಹೋಗುವುದಿಲ್ಲ. ತೆಂಗಿನೆಣ್ಣೆ ಬೇಸಗೆಯಲ್ಲಿ ನಡೆದೀತು, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ತಲೆಗೆ ಹಚ್ಚುವ ಬಾಟಲಿ ನೋಡಿ, ಪಂಪ್‌ನ ಅವಸ್ಥೆ ಗೊತ್ತಾಗುತ್ತದೆ. ಇಂದಿನ ರೇಟಿನಲ್ಲಿ ಅದು ದೋಸೆಗೆ ಇರಲಿ ಮಾರಾಯ್ರೆ.

ಪೆಟ್ರೋಲ್‌ಗೆ ಒಳ್ಳೆಯ ಟು-ಸ್ಟ್ರೋಕ್ ಎಣ್ಣೆ ಲೀಟರಿಗೆ 20 ಮಿಲಿ, ಅಂದರೆ 50:1. ಈಗ ಬಂಕಿನಲ್ಲಿ ಬರುವುದು 20 ಶೇಕಡಾ ಎಥನಾಲ್‌ನದ್ದು, ನಮ್ಮ ಹವೆಯಲ್ಲಿ ನೀರು ಹೀರುತ್ತದೆ. ಬೇಕಾದಷ್ಟೇ ಕಲಸಿ. ಮಿಷನ್ ಮೂಲೆಗಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿ.

ಪ್ರಶ್ನೆ (ಹೆಬ್ರಿ): ಇದೇ ಮಿಷನ್‌ನಲ್ಲಿ ಹಲಗೆ ಸೀಳಬಹುದಾ? ಮನೆಯ ದಾರಂದಕ್ಕೆ ಬೇಕಿತ್ತು.

ಉತ್ತರ: ಉದ್ದಕ್ಕೆ ಸೀಳಲು ಬೇರೆ ಚೈನ್ ಬೇಕು, ಕೋನ 10 ಡಿಗ್ರಿಯದ್ದು. ಎಂಜಿನ್‌ಗೆ ಬಹಳ ಹೊತ್ತು ಪೂರ್ತಿ ಹೊರೆ. ಅಲ್ಲಿ ನಿಜವಾಗಿ 90 ಸಿಸಿ ಬೇಕು. ಒಂದು ಮರಕ್ಕೆ ಆ ಖರ್ಚು ಬೇಡ, ದಿಮ್ಮಿ ಮಾಡಿ ಸಾ ಮಿಲ್ಲಿಗೆ ಕಳಿಸಿ. ದಾರಂದಕ್ಕೆ ಏಳೂವರೆ ಅಡಿಯ ತುಂಡು ಬೇಕಾದರೆ ಎಂಟು ಅಡಿ ಇಟ್ಟು ಕೊಯ್ಯಿರಿ, ತುದಿ ಬಿರಿಯುತ್ತದೆ. ತಾನಾಗಿ ಬಿದ್ದದ್ದಾದರೂ ಫೋಟೋ ತೆಗೆದು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ತಿಳಿಸಿ, ಲಾರಿಗೆ ಏರಿಸುವ ಮೊದಲು ಮರ ಸಾಗಿಸುವ ಪಾಸ್ ವಿಷಯ ಕೇಳಿಕೊಳ್ಳಿ.

ಪ್ರಶ್ನೆ (ಹೆಬ್ರಿ): ಕೊನೆಯದು. ಎಲ್ಲಿಂದ ಕೊಯ್ಯಲು ಶುರು ಮಾಡುವುದು? ಬೇರಿನ ಗುಡ್ಡೆ ಆಳೆತ್ತರ ಎದ್ದು ನಿಂತಿದೆ. ಜೆಸಿಬಿ ಸೋಮವಾರ ಬರುತ್ತದೆ.

ಉತ್ತರ: ಜೆಸಿಬಿ ಬರುವವರೆಗೆ ಬುಡ ಮುಟ್ಟಬೇಡಿ. ಈಗ ಕಾಂಡದ ಭಾರವೇ ಆ ಬೇರನ್ನು ಅಡ್ಡ ಹಿಡಿದು ನಿಲ್ಲಿಸಿದೆ. ಕಾಂಡ ಬೇರೆಯಾದ ಕೂಡಲೇ ಬೇರು ಹೊಂಡಕ್ಕೆ ಮರಳಿ ಕೂರಬಹುದು, ಇಲ್ಲದಿದ್ದರೆ ಈಚೆಗೇ ಮಗುಚಬಹುದು. ಹೊಂಡದ ಹತ್ತಿರ ಮಕ್ಕಳು, ನಾಯಿ ಯಾರೂ ಸುಳಿಯದ ಹಾಗೆ ನೋಡಿಕೊಳ್ಳಿ.

ನಿಮ್ಮ 45 ಸಿಸಿಯಲ್ಲಿ ಗೆಲ್ಲು ಬಿಡಿಸಿ. ಕಾಂಡಕ್ಕೆ ಆಸರೆ ಕೊಡುವ ಗೆಲ್ಲುಗಳನ್ನು ಕೊನೆಗೆ ಇಡಿ. ಕಾಂಡ ಎರಡು ತುದಿಯಲ್ಲಿ ಊರಿ ನಡುವೆ ತೂಗುತ್ತಿದ್ದರೆ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಎಳೆದುಕೊಂಡಿರುತ್ತದೆ. ಮೊದಲು ಮೇಲಿನಿಂದ ಮೂರನೇ ಒಂದು ಭಾಗ, ಆಮೇಲೆ ಕೆಳಗಿನಿಂದ. ಒಂದೇ ತುದಿ ಊರಿದ್ದರೆ ಇದರ ಉಲ್ಟಾ. ಕೆಳಗೆ ಕೈ ಹೋಗದ ಕಡೆ ಮೇಲಿನಿಂದಲೇ ಕೊಯ್ಯಿರಿ, ಬಾರ್ ಪೂರ್ತಿ ಒಳಗೆ ಹೋದ ಕೂಡಲೇ ಅದರ ಹಿಂದೆ ಪ್ಲಾಸ್ಟಿಕ್ ಬೆಣೆ ಹೊಡೆಯಿರಿ. ಕಬ್ಬಿಣದ ಬೆಣೆ ಬೇಡ, ಚೈನ್ ತಾಗಿದರೆ ಹಾಳು. ಬಾರ್ ತುದಿಯ ಮೇಲಿನ ಅರ್ಧ ಮರಕ್ಕೆ ತಾಗಿದರೆ ಮಿಷನ್ ಹಾರಿ ಮುಖಕ್ಕೇ ಬರುತ್ತದೆ. ಹೆಲ್ಮೆಟ್, ಕಾಲಿಗೆ ಕಟ್ಟುವ ಚಾಪ್ಸ್ ಎರಡನ್ನೂ ಮಿಷನ್ ಬಿಲ್‌ನಲ್ಲೇ ಸೇರಿಸಿ ತೆಕ್ಕೊಳ್ಳಿ.

ಸೋಮವಾರ ಜೆಸಿಬಿಯ ಬಕೆಟ್ ಬೇರಿಗೆ ಒತ್ತಿ ನಿಲ್ಲಲಿ. ಬುಡದಿಂದ ಒಂದು ಆಳುದ್ದ ಬಿಟ್ಟು, ಗುಡ್ಡೆಯ ಮೇಲಿನ ಬದಿಯಲ್ಲಿ ನಿಂತು ಕೊಯ್ಯಿರಿ. ಡ್ರೈವರ್‌ಗೆ ನೀವು ಕೈ ಎತ್ತುವವರೆಗೆ ಬಕೆಟ್ ಹಿಂದೆ ತೆಗೆಯಬಾರದು ಎಂದು ಮೊದಲೇ ಹೇಳಿಡಿ, ಮಿಷನ್ ಸದ್ದಿನಲ್ಲಿ ಬೊಬ್ಬೆ ಹಾಕಿದರೆ ಕೇಳುವುದಿಲ್ಲ.