ಮಾಲ್ಕೌನ್ಸ್ ಹಾಡು ಕೀಬೋರ್ಡ್‌ನಲ್ಲಿ ಕೂರುತ್ತಿಲ್ಲ, ಸ್ವರ ಎಲ್ಲ ಸರಿ ಇದೆ, ಯಾರಾದರೂ ಹೇಳಿ

ಕಿಟ್ಟಿ_ಕೀಸ್:
ತಲೆ ಕೆಟ್ಟು ಹೋಗಿದೆ. ‘ಬೈಜು ಬಾವ್ರಾ’ (1952) ಚಿತ್ರದ ‘ಮನ್ ತಡಪತ್ ಹರಿ ದರ್ಶನ್ ಕೋ ಆಜ್’ ಬಾರಿಸಲು ಕೂತಿದ್ದೇನೆ. ನೌಷಾದ್ ಸಂಗೀತ, ರಫಿ ಹಾಡಿದ್ದು, ರಾಗ ಮಾಲ್ಕೌನ್ಸ್. ಇದೆಲ್ಲ ನಿಮಗೆ ಗೊತ್ತಿರೋದೇ. ಬಿಳಿ ಒಂದನ್ನು (ಸಿ ಕೀ) ಸ ಮಾಡಿಕೊಂಡಿದ್ದೇನೆ. ಸ, ಕೋಮಲ (ಒಂದು ಕೀ ತಗ್ಗಿಸಿದ) ಗ, ಶುದ್ಧ ಮ, ಕೋಮಲ ಧ, ಕೋಮಲ ನಿ. ಒಂದು ಸ್ವರವೂ ಆಚೀಚೆ ಇಲ್ಲ. ಆದರೂ ಹಾಡು ಹಾಡಿನ ಹಾಗೆ ಕೇಳಿಸುತ್ತಿಲ್ಲ. ಧ ಮೇಲೆ ನಿಂತರೆ ಕಿವಿ ಕೊರೆಯುತ್ತೆ. ಕೀಬೋರ್ಡ್ ಕೆಟ್ಟಿಲ್ಲ, ಇದೇ ಸೆಟ್ಟಿಂಗ್‌ನಲ್ಲಿ ‘ಜಾನೇ ಕಹಾಂ ಗಯೇ ವೋ ದಿನ್’ ಚೆನ್ನಾಗಿಯೇ ಬರುತ್ತೆ. ಏನು ಮಾಡಲಿ?

ಸೆಂಟ್ಸ್_ಸುಬ್ಬ:
ಇದು ಹಳೇ ರೆಕಾರ್ಡಿಂಗ್‌ನ ಕಾಯಿಲೆ. 78 ಆರ್‌ಪಿಎಂ ತಟ್ಟೆ ಸ್ವಲ್ಪ ಜೋರಾಗಿ ತಿರುಗಿದರೂ ಶ್ರುತಿ ಏರುತ್ತೆ. ವೇಗ ಸುಮಾರು 6 ಪರ್ಸೆಂಟ್ ಹೆಚ್ಚಾದರೆ ಪೂರ್ತಿ ಒಂದು ಕೀ ಮೇಲೆ ಹೋಗುತ್ತೆ. ನೀವು ಕೇಳುತ್ತಿರುವ ಕಾಪಿ ಎರಡು ಕೀಗಳ ನಡುವೆ ಎಲ್ಲೋ ನಿಂತಿರುತ್ತೆ. ಕೀಬೋರ್ಡ್‌ನ ಟ್ಯೂನಿಂಗ್ ಮೆನುವಿನಲ್ಲಿ ಎ ಸ್ವರ 440 ಹರ್ಟ್ಸ್ ಇರುತ್ತಲ್ಲ, ಅದನ್ನು ಸ್ವಲ್ಪ ಸ್ವಲ್ಪ ಸರಿಸಿ ನೋಡಿ.

ಕಿಟ್ಟಿ_ಕೀಸ್:
ರೆಕಾರ್ಡ್ ಜೊತೆ ಬಾರಿಸುತ್ತಿಲ್ಲ ಸರ್. ಒಬ್ಬನೇ ಬಾರಿಸುತ್ತಿದ್ದೇನೆ.

ಸೆಂಟ್ಸ್_ಸುಬ್ಬ:
ಆದರೂ ಕಿವಿಯಲ್ಲಿ ಆ ರೆಕಾರ್ಡಿನ ಶ್ರುತಿ ಕೂತಿರುತ್ತೆ. ಮೊದಲು ಅದನ್ನು ಸರಿ ಮಾಡಿ. ಇನ್ನೊಂದು ವಿಷಯ. ಕೀಬೋರ್ಡ್‌ನ ಕೋಮಲ ಗ ಸ ಇಂದ 300 ಸೆಂಟ್ಸ್ ದೂರ (ಒಂದು ಕೀಗೆ 100 ಸೆಂಟ್ಸ್). ಮಾಲ್ಕೌನ್ಸ್‌ಗೆ 294 ಬೇಕು, ಮ ಇಂದ ಲೆಕ್ಕ ಹಾಕಿದರೆ ಅಷ್ಟೇ ಬರೋದು. ಧ ಕೂಡ ಹಾಗೇ, 800 ಅಲ್ಲ, 792.

ಪೇಟಿ_ಮಾಸ್ತರ:
ಸುಬ್ಬಣ್ಣ, ಆರೆಂಟು ಸೆಂಟ್ಸ್‌ಗೆ ಯಾರ ಕಿವಿಯೂ ಕೊರೆಯಲ್ಲ. ನಾನು ಹಾರ್ಮೋನಿಯಂ ಮೇಲೆ ಮಾಲ್ಕೌನ್ಸ್ ಬಾರಿಸುತ್ತಾ ವಯಸ್ಸಾಗಿದೆ. ಹಳೇ ಸಿನಿಮಾ ಆರ್ಕೆಸ್ಟ್ರಾದಲ್ಲಿ ಪಿಯಾನೋ, ಮ್ಯಾಂಡೊಲಿನ್ ಎಲ್ಲ ಇರುತ್ತಿದ್ದವು. ಅವೇನು ನಿಮ್ಮ 294 ನೋಡಿ ಶ್ರುತಿ ಮಾಡಿಕೊಂಡಿದ್ದವಾ? ಕಿಟ್ಟಿ ಅವರೇ, ತಂಬೂರಿ ಏನು ಹಾಕಿದ್ದೀರಿ?

ಕಿಟ್ಟಿ_ಕೀಸ್:
ಫೋನ್‌ನಲ್ಲಿ ಆಪ್. ಸ ಪ. ಮಾಮೂಲಿ.

ಪೇಟಿ_ಮಾಸ್ತರ:
ಮಾಮೂಲಿ ಅಲ್ಲ ಮಾರಾಯ್ರೇ, ಅಲ್ಲೇ ಇರೋದು ತೊಂದರೆ! ಮಾಲ್ಕೌನ್ಸ್‌ನಲ್ಲಿ ಪಂಚಮವೇ ಇಲ್ಲ. ಪ ಪಕ್ಕದ ಕೀ ಕೋಮಲ ಧ. ತಂಬೂರಿಯಲ್ಲಿ ಪ ಗುನುಗುತ್ತಿರುವಾಗ ನೀವು ಧ ಮೇಲೆ ನಿಂತರೆ ಎರಡೂ ಗುದ್ದಾಡದೆ ಇನ್ನೇನು ಮಾಡುತ್ತವೆ? ಸ ಮ ಇಡಿ. ಈ ರಾಗದಲ್ಲಿ ಮ ಅಂದರೆ ಯಜಮಾನ.

ಮೀರಜ್_ತಂಬೂರಿ:
ಆಪ್ ಎಲ್ಲ ಬಿಟ್ಟುಬಿಡಿ ಸರ್. ನನ್ನ ಹತ್ತಿರ ಮೀರಜ್‌ನಲ್ಲಿ ಮಾಡಿಸಿದ ತಂಬೂರಿ ಇದೆ, ದೊಡ್ಡ ಸೋರೆ ಬುರುಡೆ. ಮಾಲ್ಕೌನ್ಸ್‌ಗೆ ಮೊದಲ ತಂತಿಯನ್ನು ಪ ಇಂದ ಮ ಗೆ ಇಳಿಸುತ್ತೇನೆ. ಜವಾರಿ (ತಂತಿಯ ಝೇಂಕಾರ) ಸರಿಯಾಗಿ ಕೂತರೆ ಕೋಣೆ ಪೂರ್ತಿ ಮ ತುಂಬುತ್ತೆ. ಪ್ರಯಾಣಕ್ಕೆ ಬೇಕು ಅಂತ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಕೂಡ ಇಟ್ಟಿದ್ದೇನೆ. ಫೋಟೋ ಹಾಕಲಾ?

ಗಮಕಪ್ರಿಯೆ:
ಒಂದು ನಿಮಿಷ. ನಮ್ಮ ಕರ್ನಾಟಕ ಸಂಗೀತದಲ್ಲಿ ಇದೇ ಸ್ವರಗಳಿಗೆ ಹಿಂದೋಳ ಅನ್ನುತ್ತೇವೆ. ತ್ಯಾಗರಾಜರ ‘ಸಾಮಜವರಗಮನ’ ಇದರಲ್ಲೇ ಇರೋದು, ‘ಶಂಕರಾಭರಣಂ’ (1980) ಚಿತ್ರದಲ್ಲೂ ಬಳಸಿದ್ದಾರೆ. ಕಚೇರಿಗಳಲ್ಲಿ ಹಿಂದೋಳಕ್ಕೂ ಹೆಚ್ಚಿನವರು ತಂಬೂರಿಯನ್ನು ಪ ಮೇಲೇ ಇಟ್ಟು ಹಾಡುತ್ತಾರೆ. ಯಾರ ಕಿವಿಯೂ ಕೊರೆದಿಲ್ಲ. ಆದ್ದರಿಂದ ತಂಬೂರಿ ಒಂದೇ ಕಾರಣ ಇರಲಾರದು. ಗಮಕ (ಸ್ವರದ ಓಲಾಟ) ಇಲ್ಲದೆ ಚಪ್ಪಟೆಯಾಗಿ ಒತ್ತುತ್ತಿದ್ದೀರಿ ಅನ್ಸುತ್ತೆ.

ಪೇಟಿ_ಮಾಸ್ತರ:
ಅದು ನಿಮ್ಮ ಪದ್ಧತಿ ಮೇಡಂ. ಹಿಂದೂಸ್ತಾನಿಯಲ್ಲಿ ಮಾಲ್ಕೌನ್ಸ್‌ಗೆ ಮ ಇಡುತ್ತೇವೆ, ಅಷ್ಟೇ.

ಮೇಳಕರ್ತ72:
ಹಿಂದೋಳದ ಮಾತು ಬಂದಿದ್ದರಿಂದ ಕೇಳುತ್ತೇನೆ. ಅದು 72 ಮೇಳಗಳಲ್ಲಿ (ತಂದೆ ರಾಗಗಳಲ್ಲಿ) 20ನೆಯದಾದ ನಠಭೈರವಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ್ದು. ಕೆಲವರು 8ನೇ ಮೇಳ ಹನುಮತೋಡಿಗೆ ಸೇರಿಸುತ್ತಾರೆ. ಇದು ತಪ್ಪಲ್ಲವೇ?

ಗಮಕಪ್ರಿಯೆ:
ಯಾಕೆ ತಪ್ಪು? ಆ ಎರಡು ಮೇಳಕ್ಕೂ ಇರುವ ವ್ಯತ್ಯಾಸ ರಿಷಭ ಒಂದರಲ್ಲಿ. ಹಿಂದೋಳದಲ್ಲಿ ರಿಷಭವೇ ಇಲ್ಲ. ಇಲ್ಲದ ಸ್ವರ ಹಿಡಿದು ತಂದೆ ಯಾರು ಅಂತ ಹೇಗೆ ತೀರ್ಮಾನಿಸುತ್ತೀರಿ?

ಮೇಳಕರ್ತ72:
ರಾಗದ ನಡೆ ಅಂತ ಒಂದಿರುತ್ತೆ. ಬರೀ ಗಣಿತ ಸಾಲದು.

ಗಮಕಪ್ರಿಯೆ:
ಹೆಸರಲ್ಲೇ 72 ಇಟ್ಟುಕೊಂಡು ಗಣಿತ ಸಾಲದು ಅಂತೀರಲ್ಲ.

ಹೊಸಬ_ಕೊಳಲು:
ಹಿಂದೂಸ್ತಾನಿಯಲ್ಲಿ ಹಿಂದೋಲ್ ಅಂತ ಒಂದಿದೆ ಅಲ್ವಾ? ಅದೂ ಇದೇನಾ?

ಪೇಟಿ_ಮಾಸ್ತರ:
ಅಲ್ಲ. ಅದರಲ್ಲಿ ತೀವ್ರ ಮ, ಗ ಧ ನಿ ಮೂರೂ ಶುದ್ಧ. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಿರ್ವಾಹಕ:
ಮೇಳದ ಜಗಳಕ್ಕೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ತಂಬೂರಿ ಫೋಟೋಗಳು ‘ನಿಮ್ಮ ವಾದ್ಯ ತೋರಿಸಿ’ ವಿಭಾಗಕ್ಕೆ.

ಕಿಟ್ಟಿ_ಕೀಸ್:
ತಂಬೂರಿ ಸ ಮ ಮಾಡಿದೆ. ಸ್ವಲ್ಪ ವಾಸಿ, ಆದರೆ ಕೊರೆತ ಪೂರ್ತಿ ಹೋಗಿಲ್ಲ. ಟ್ಯೂನಿಂಗ್ 440 ಇಂದ ಮೇಲೆ ಕೆಳಗೆ ಮಾಡಿದೆ, ಏನೂ ಬದಲಾಗಲಿಲ್ಲ. ಮೇಳದ ಬಗ್ಗೆ ನಾನು ಕೇಳಿಯೇ ಇರಲಿಲ್ಲ.

ಸೆಂಟ್ಸ್_ಸುಬ್ಬ:
ಎಷ್ಟು ಸರಿಸಿದಿರಿ? ಸ್ಕೇಲ್ ಟ್ಯೂನಿಂಗ್ ಅಂತ ಬೇರೆಯೇ ಇರುತ್ತೆ, ಅಲ್ಲಿ ಇ ಫ್ಲಾಟ್‌ಗೆ ಮೈನಸ್ 6 ಹಾಕಿ.

ರಿದಂ_ರತ್ನ:
ಎಲ್ಲ ಓದಿದೆ. ಕಿಟ್ಟಿ ಸರ್, ನಿಮ್ಮ ಎಡಗೈ ಏನು ಮಾಡುತ್ತಿದೆ?

ಕಿಟ್ಟಿ_ಕೀಸ್:
ಎಡಗೈ ಏನು ಮಾಡುತ್ತೆ, ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಹಿಡಿದಿದೆ. ಸ್ಟೈಲ್ (ತಾನಾಗಿ ಬರುವ ತಾಳ, ಹಿನ್ನೆಲೆ ವಾದ್ಯ) ಆನ್ ಇದೆ. ಎಲ್ಲರೂ ಹಾಗೇ ತಾನೇ ಬಾರಿಸೋದು? ಒಂದು ಬೆರಳಿನ ಮೋಡ್‌ನಲ್ಲಿ ಸಿ ಒತ್ತಿದರೆ ಇನ್ನೂ ಕೆಟ್ಟದಾಗಿತ್ತು. ಗ ಕೋಮಲ ಅಲ್ವಾ, ಅದಕ್ಕೆ ಸಿ ಮೈನರ್ ಹಿಡಿದಿದ್ದೇನೆ.

ರಿದಂ_ರತ್ನ:
ಸಿಕ್ಕಿತು. ಸಿ ಮೈನರ್ ಅಂದರೆ ಸಿ, ಇ ಫ್ಲಾಟ್, ಜಿ. ನಿಮ್ಮ ಲೆಕ್ಕದಲ್ಲಿ ಸ, ಕೋಮಲ ಗ, ಪ. ತಂಬೂರಿಯಿಂದ ಪ ತೆಗೆದಿರಿ, ಆದರೆ ಎಡಗೈ ಅದನ್ನೇ ಮತ್ತೆ ಒಳಗೆ ತರುತ್ತಿದೆ. ಸಾಲದ್ದಕ್ಕೆ ಬೇಸ್ ಗಿಟಾರ್ ಕೂಡ ಪ ಹೊಡೆಯುತ್ತಿರುತ್ತೆ. ಒಂದು ಬೆರಳಿನ ಮೋಡ್‌ನಲ್ಲಿ ಸಿ ಒತ್ತಿದರೆ ಬರೋದು ಸಿ ಮೇಜರ್. ಅದರಲ್ಲಿ ಪ ಜೊತೆಗೆ ಶುದ್ಧ ಗ ಕೂಡ ಇದೆ, ಅದಕ್ಕೇ ಇನ್ನೂ ಕೆಟ್ಟದಾಗಿತ್ತು. ಇನ್ನು ‘ಜಾನೇ ಕಹಾಂ’ ಯಾಕೆ ಚೆನ್ನಾಗಿ ಬಂತು ಅಂದರೆ, ಅದು ಶಿವರಂಜನಿ. ಸ ರಿ ಗ ಪ ಧ, ಗ ಮಾತ್ರ ಕೋಮಲ. ಸ, ಗ, ಪ ಮೂರೂ ರಾಗದ ಒಳಗೇ ಇವೆ, ಸಿ ಮೈನರ್ ತಾನಾಗಿ ಕೂರುತ್ತೆ.

ಪೇಟಿ_ಮಾಸ್ತರ:
ಅಡ್ಡಿ ಇಲ್ಲ, ಸರಿಯಾಗಿ ಹಿಡಿದಿರಿ. ನಾನು ಹೇಳಿದ ಪ ನೇ ಅದು, ಬೇರೆ ಬಾಗಿಲಿಂದ ಬಂದಿದೆ.

ಕಿಟ್ಟಿ_ಕೀಸ್:
ಹಾಗಾದರೆ ಯಾವ ಕಾರ್ಡ್ ಹಿಡಿಯಲಿ?

ರಿದಂ_ರತ್ನ:
ಈ ಐದು ಸ್ವರಗಳಲ್ಲಿ ಪೂರ್ತಿ ಮೂರು ಸ್ವರದ ಮೇಜರ್ ಮೈನರ್ ಕಾರ್ಡ್ ಆಗೋದು ಎರಡೇ. ಎಫ್ ಮೈನರ್, ಅಂದರೆ ಮ ಧ ಸ. ಎ ಫ್ಲಾಟ್ ಮೇಜರ್, ಅಂದರೆ ಧ ಸ ಗ.

ಗಮಕಪ್ರಿಯೆ:
ಅದರಲ್ಲೂ ಒಂದು ತೊಡಕಿದೆ. ಎ ಫ್ಲಾಟ್ ಹಿಡಿದು ಕೂತರೆ ಕಿವಿ ಧ ವನ್ನೇ ಸ ಅಂದುಕೊಳ್ಳುತ್ತೆ. ಅಲ್ಲಿಂದ ಎಣಿಸಿದರೆ ಇವೇ ಸ್ವರಗಳು ಮೋಹನ ಆಗುತ್ತವೆ, ಹಿಂದೂಸ್ತಾನಿಯವರ ಭೂಪ. ಎಫ್ ಮೈನರ್ ಹಿಡಿದರೆ ಮ ಸ ಆಗಿ ಶುದ್ಧ ಧನ್ಯಾಸಿ ಕೇಳಿಸುತ್ತೆ. ಸ ದ ಜಾಗ ಬದಲಿಸುವ ಗ್ರಹಭೇದದ ಆಟ ಇದು. ಸಿನಿಮಾ ಸಂಗೀತ ನಿರ್ದೇಶಕರು ಇದನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ. ನೀವು ಗೊತ್ತಿಲ್ಲದೆ ಮಾಡಿದರೆ ಹಾಡು ಎಲ್ಲೋ ಜಾರಿದಂತೆ ಅನಿಸುತ್ತೆ.

ಸೆಂಟ್ಸ್_ಸುಬ್ಬ:
ಎಫ್ ಮೈನರ್ ಹಿಡಿದರೂ ಆ ಕಾರ್ಡ್‌ನ ಎ ಫ್ಲಾಟ್ ಟೆಂಪರ್ಡ್ (ಸಮ ಅಂತರಕ್ಕೆ ಕೂರಿಸಿದ, 800 ಸೆಂಟ್ಸ್) ಸ್ವರವೇ. ನನ್ನ ಮಾತು ಹಾಗೇ ಇದೆ.

ಪೇಟಿ_ಮಾಸ್ತರ:
ಇರಲಿ ಸುಬ್ಬಣ್ಣ, ಇಟ್ಟುಕೊಳ್ಳಿ.

ಕಿಟ್ಟಿ_ಕೀಸ್:
ಎಫ್ ಮೈನರ್ ಹಾಕಿದೆ. ಕೊರೆತ ಹೋಯಿತು! ಆದರೆ ಗಮಕಪ್ರಿಯೆ ಅವರು ಹೇಳಿದ್ದೇ ಆಗುತ್ತಿದೆ. ಸಾಲಿನ ಕೊನೆಗೆ ಸ ಗೆ ಬಂದು ನಿಂತರೂ ಮನೆ ತಲುಪಿದ ಹಾಗೆ ಅನಿಸುತ್ತಿಲ್ಲ. ಕಾರ್ಡ್ ಪೂರ್ತಿ ಬಿಟ್ಟರೆ ತಾಳವೂ ನಿಂತು ಹೋಗುತ್ತೆ.

ರಿದಂ_ರತ್ನ:
ನಿಲ್ಲಬೇಕಿಲ್ಲ. ಸ್ಟೈಲ್ ನಿಲ್ಲಿಸಬೇಡಿ, ಅಕಂಪನಿಮೆಂಟ್ ಬಟನ್ ಮಾತ್ರ ಆಫ್ ಮಾಡಿ. ಎಷ್ಟೋ ಕೀಬೋರ್ಡ್‌ಗಳಲ್ಲಿ ಡ್ರಮ್ ಒಂದೇ ಉಳಿಯುತ್ತೆ. ಆಗ ಎಡಗೈ ಖಾಲಿ. ಕೆಳಗಿನ ಸ ಮತ್ತು ಮ ಎರಡನ್ನೇ ಹಿಡಿದು ಬಿಡಿ, ಮೂರನೇ ಸ್ವರ ಬೇಡ. ಬೇಸ್‌ನಲ್ಲಿ ಸ ಗಟ್ಟಿಯಾಗಿ ಇದ್ದರೆ ಮನೆ ಎಲ್ಲಿ ಅಂತ ಕಿವಿಗೆ ಗೊತ್ತಾಗುತ್ತೆ.

ಮೀರಜ್_ತಂಬೂರಿ:
ಅದನ್ನೇ ನಾನು ಮೊದಲಿಂದ ಹೇಳುತ್ತಿರೋದು, ತಂಬೂರಿ ಒಂದು ಸಾಕು. ಅಂದ ಹಾಗೆ ಫೋಟೋ ಹಾಕಿದ್ದೇನೆ, ಆ ವಿಭಾಗದಲ್ಲಿ ನೋಡಿ. ಬುರುಡೆಯ ಮೇಲಿನ ಕೆತ್ತನೆ ಎಲ್ಲ ಕೈಕೆಲಸ.

ಕಿಟ್ಟಿ_ಕೀಸ್:
ಡ್ರಮ್ ಮಾತ್ರ ಉಳಿಯಿತು, ಸ ಮ ಹಿಡಿದೆ. ಪಲ್ಲವಿ ಈಗ ಸರಿ. ಆದರೆ ನಿ ಇಂದ ಧ ಗೆ ಇಳಿಯುವಾಗ ರಫಿ ಜಾರುತ್ತಾರಲ್ಲ, ಅದು ಕೀಯಲ್ಲಿ ಮೆಟ್ಟಿಲು ಇಳಿದ ಹಾಗೆ ಬರುತ್ತೆ. ಶ್ರುತಿ ಏರಿಳಿಸುವ ಪಿಚ್ ಬೆಂಡ್ ಚಕ್ರ ಇದೆ. ಅದನ್ನು ಎಷ್ಟಕ್ಕೆ ಇಡಬೇಕು?

ರಿದಂ_ರತ್ನ:
ನಿ ಇಂದ ಧ ಎರಡು ಕೀ ದೂರ. ಬೆಂಡ್ ರೇಂಜ್ 2 ಇಡಿ. ನಿ ಒತ್ತಿ ಹಿಡಿದು ಚಕ್ರವನ್ನು ನಿಧಾನಕ್ಕೆ ಪೂರ್ತಿ ಕೆಳಗೆ ತನ್ನಿ, ಸರಿಯಾಗಿ ಧ ಮೇಲೆ ನಿಲ್ಲುತ್ತೆ. ಮುಂದಿನ ಸ್ವರ ಒತ್ತುವ ಮೊದಲು ಚಕ್ರ ಬಿಡಿ, ಇಲ್ಲದಿದ್ದರೆ ಅದೂ ಎರಡು ಕೀ ಕೆಳಗೆ ಕೇಳಿಸುತ್ತೆ.

ಸೆಂಟ್ಸ್_ಸುಬ್ಬ:
ರೇಂಜ್ 3 ಇಟ್ಟು ಚಕ್ರವನ್ನು ಧ ಗಿಂತ ಇನ್ನೊಂದು ಕೂದಲೆಳೆ ಕೆಳಗೆ ತಂದರೆ 792.