ಮಾರುತಿ 800: ಆಗುಂಬೆ ಘಾಟಿ ಹತ್ತುವಾಗ ವಿಪರೀತ ಹೀಟ್, ದಯವಿಟ್ಟು ಯಾರಾದ್ರೂ ಹೇಳಿ

ತೀರ್ಥಹಳ್ಳಿ 800:
ಎಲ್ಲರಿಗೂ ನಮಸ್ಕಾರ. ಗಾಡಿ 1997ರದ್ದು, ಕಾರ್ಬುರೇಟರ್ ಮಾಡೆಲ್. ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಘಾಟಿ ಶುರುವಾದರೆ ಸಾಕು, ಟೆಂಪರೇಚರ್ ಮುಳ್ಳು ಎದ್ದು ಕೆಂಪು ಗೆರೆಯ ಹತ್ತಿರ ಹೋಗುತ್ತದೆ. 14 ತಿರುವಿನಲ್ಲಿ ಎಲ್ಲಿ ಅಂತ ನಿಲ್ಲಿಸುವುದು? ಹಿಂದೆ ಬಸ್ಸಿನವನ ಹಾರ್ನ್. ಬಾನೆಟ್ ಎತ್ತಿ ನಿಂತರೆ ಕಾಲಿಗೆ ಇಂಬಳ. ರೇಡಿಯೇಟರ್ ಕ್ಲೀನ್ ಮಾಡಿಸಿದೆ. ವಾಟರ್ ಪಂಪ್ ಹೊಸದು. ಫ್ಯಾನ್ ತಿರುಗುತ್ತದೆ. ಆದರೂ ಅದೇ ಕಥೆ. ಈಗ ಮೆಕ್ಯಾನಿಕ್ ಎಂಜಿನ್ ಹೆಡ್ ಇಳಿಸೋಣ ಅಂತಿದ್ದಾನೆ. ಸಾಕಾಗಿ ಹೋಗಿದೆ. ಶನಿವಾರ ಮತ್ತೆ ಹೋಗಬೇಕು, ಬೇಗ ಹೇಳಿ.

ಭದ್ರಾವತಿ ಪಿಸ್ಟನ್:
ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್. ಬೇರೆ ಏನೂ ನೋಡಬೇಡಿ. ಅರ್ಧ ತೆರೆದು ಸಿಕ್ಕಿಹಾಕಿಕೊಂಡಿದೆ.

ಶಿವಮೊಗ್ಗ ಸ್ಪ್ಯಾನರ್:
ಥರ್ಮೋಸ್ಟಾಟ್ ಯಾಕೆ ಬೇಕು ಸರ್ ನಮ್ಮ ಕಡೆ? ತೆಗೆದು ಬಿಸಾಕಿ. ನಮ್ಮೂರ ಗ್ಯಾರೇಜುಗಳಿರುವ ಆಟೋ ಕಾಂಪ್ಲೆಕ್ಸಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಇದನ್ನೇ ಹೇಳುತ್ತಾರೆ.

ಭದ್ರಾವತಿ ಪಿಸ್ಟನ್:
ಇಂಥ ಸಲಹೆಯಿಂದಲೇ ಅರ್ಧ ಗಾಡಿಗಳು ಗುಜರಿಗೆ ಹೋಗಿದ್ದು. ಅದನ್ನು ತೆಗೆದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಅದೂ ಆಗುಂಬೆ ಮಳೆಯಲ್ಲಿ! ಚೋಕ್ ಎಳೆದುಕೊಂಡೇ ಓಡಿಸಬೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ತೆಳುವಾಗುತ್ತದೆ, ಸಿಲಿಂಡರ್ ಬೋರ್ ಸವೆಯುತ್ತದೆ.

ಶಿವಮೊಗ್ಗ ಸ್ಪ್ಯಾನರ್:
ನಮ್ಮ ಚಿಕ್ಕಪ್ಪನ 800 ಥರ್ಮೋಸ್ಟಾಟ್ ಇಲ್ಲದೆ ಎಷ್ಟೋ ವರ್ಷದಿಂದ ಓಡುತ್ತಿದೆ. ಬೋರ್ ಸವೆದಿಲ್ಲ.

ಭದ್ರಾವತಿ ಪಿಸ್ಟನ್:
ಬಿಚ್ಚಿ ನೋಡಿದ್ದೀರಾ?

ಸಾಗರ ಜೀಪ್:
ಜಗಳ ಬಿಡಿ. ನನ್ನ ಮಹೀಂದ್ರ ಎಂಎಂ 540 ಜೀಪಿನಲ್ಲಿ ಪ್ಯೂಜೋ ಡೀಸೆಲ್ ಎಂಜಿನ್. ಅಡಿಕೆ ಮೂಟೆ ತುಂಬಿಕೊಂಡು ಹುಲಿಕಲ್ ಘಾಟಿ ಹತ್ತಿದರೂ ಮುಳ್ಳು ಅಲ್ಲಾಡಲ್ಲ.

ಹೊಸನಗರ ಮಲ್ಟಿಮೀಟರ್:
ತೀರ್ಥಹಳ್ಳಿಯವರೇ, ನಿಮ್ಮ ಬರಹದಲ್ಲಿ ಮುಳ್ಳು ಏರಿದ್ದು ಮಾತ್ರ ಇದೆ. ನೀರು ಕುದಿದಿದೆಯಾ? ಡಬ್ಬಿಯಿಂದ ಉಕ್ಕಿ ಹೊರಗೆ ಬಂದಿದೆಯಾ? ನೀರು ಕಡಿಮೆ ಆಗುತ್ತಿದೆಯಾ? ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಆಯಿಲ್‌ನಲ್ಲಿ ಹಾಲಿನ ಬಣ್ಣ, ಏನಾದರೂ ಕಾಣಿಸುತ್ತಾ?

ತೀರ್ಥಹಳ್ಳಿ 800:
ಉಕ್ಕಿಲ್ಲ. ನೀರೂ ಕಡಿಮೆ ಆಗಿಲ್ಲ. ಹೊಗೆ, ಆಯಿಲ್ ಎರಡೂ ಸರಿಯಾಗಿವೆ. ಆದರೆ ಮುಳ್ಳು ಮೇಲೆ ಹೋಗುವುದು ನಿಜ ಅಲ್ವಾ? ಥರ್ಮೋಸ್ಟಾಟ್ ಬಿಚ್ಚಿದ್ದೇನೆ, ಅದನ್ನು ಪರೀಕ್ಷೆ ಮಾಡುವುದು ಹೇಗೆ?

ಭದ್ರಾವತಿ ಪಿಸ್ಟನ್:
ಪಾತ್ರೆಯಲ್ಲಿ ನೀರಿಟ್ಟು ಅದನ್ನು ದಾರ ಕಟ್ಟಿ ಇಳಿಬಿಡಿ. ತಳಕ್ಕೆ ತಾಗಬಾರದು. ಕೆಳಗೆ ಒಲೆ. ಸುಮಾರು 80ರಿಂದ 90 ಡಿಗ್ರಿ ಒಳಗೆ ಬಾಯಿ ಬಿಡಲು ಶುರು ಮಾಡಬೇಕು, ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ತೀರ್ಥಹಳ್ಳಿ 800:
ಮಾಡಿದೆ. ಚೆನ್ನಾಗಿ ತೆರೆಯಿತು, ತಣ್ಣಗಾದ ಮೇಲೆ ಮುಚ್ಚಿತು. ಮನೆಯವಳ ಹಾಲಿನ ಪಾತ್ರೆ ಹಾಳಾಯಿತು, ಅದು ಬೇರೆ ವಿಷಯ.

ಭದ್ರಾವತಿ ಪಿಸ್ಟನ್:
ಒಲೆಯ ಮೇಲೆ ತೆರೆಯುತ್ತದೆ, ಘಾಟಿಯ ಲೋಡಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸದು ಹಾಕಿ. ಲೋಕಲ್ ಬೇಡ, ಒರಿಜಿನಲ್ ತನ್ನಿ.

ಹೊಸನಗರ ಮಲ್ಟಿಮೀಟರ್:
ಸುಮ್ನೆ ದುಡ್ಡು ಹಾಕಬೇಡಿ, ಒಂದು ನಿಮಿಷ ತಾಳಿ. ಹಗಲು ಹೊತ್ತು ಹೀಗೆ ಆಗಿದೆಯಾ?

ತೀರ್ಥಹಳ್ಳಿ 800:
ಹಗಲು ನಾನು ಘಾಟಿ ಹತ್ತುವುದೇ ಇಲ್ಲ. ಬೆಳಿಗ್ಗೆ ಇಳಿಯುವುದು, ಕತ್ತಲಾದ ಮೇಲೆ ಹತ್ತುವುದು.

ಹೊಸನಗರ ಮಲ್ಟಿಮೀಟರ್:
ಹೆಡ್‌ಲೈಟ್ ಆಫ್ ಮಾಡಿದರೆ ಮುಳ್ಳು ಇಳಿಯುತ್ತಾ?

ತೀರ್ಥಹಳ್ಳಿ 800:
ಮಾರಾಯ್ರೆ, ಆ ಮಂಜಿನಲ್ಲಿ ಲೈಟ್ ಆಫ್ ಮಾಡಿ ಎಲ್ಲಿಗೆ ಹೋಗಲಿ? ನನ್ನ ಸಮಸ್ಯೆ ಹೀಟ್, ಲೈಟ್ ಅಲ್ಲ.

ಹೊಸನಗರ ಮಲ್ಟಿಮೀಟರ್:
ಘಾಟಿಯಲ್ಲಿ ಬೇಡ, ಅಂಗಳದಲ್ಲೇ ಮಾಡಿ. ಎಂಜಿನ್ ಬಿಸಿಯಾಗಲಿ, ಮುಳ್ಳು ಮಧ್ಯಕ್ಕೆ ಬಂದು ನಿಲ್ಲಲಿ. ಆಮೇಲೆ ಬ್ರೈಟ್ ಲೈಟ್, ವೈಪರ್, ಬ್ಲೋವರ್ ಮೂರೂ ಒಟ್ಟಿಗೆ ಹಾಕಿ ಮುಳ್ಳು ನೋಡಿ.

ಸಾಗರ ಜೀಪ್:
ಮಂಜು ಅಂದಾಗ ನೆನಪಾಯಿತು. ಮೊನ್ನೆ ಜೀಪಿಗೆ ಎಲ್‌ಇಡಿ ಬಾರ್ ಹಾಕಿಸಿದೆ. ರಾತ್ರಿ ಹಗಲಾದ ಹಾಗೆ ಕಾಣುತ್ತದೆ. ಫೋಟೋ ಹಾಕಲಾ?

ಶಿವಮೊಗ್ಗ ಸ್ಪ್ಯಾನರ್:
ಬೇಡ. ಎದುರಿನಿಂದ ಬರುವವನು ಚರಂಡಿಗೆ ಇಳಿಯಬೇಕಾ? ಮಂಜಿನಲ್ಲಿ ಬಿಳಿ ಬಾರ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಬಂಪರಿನ ಕೆಳಗೆ ಎರಡು ಫಾಗ್ ಲ್ಯಾಂಪ್ ಸಾಕು.

ತೀರ್ಥಹಳ್ಳಿ 800:
ನಿನ್ನೆ ಕರೆಂಟ್ ಇರಲಿಲ್ಲ, ಅದಕ್ಕೆ ತಡ. ನೀವು ಹೇಳಿದ ಹಾಗೆ ಮಾಡಿದೆ. ಲೈಟ್ ಹಾಕಿದ ತಕ್ಷಣ ಮುಳ್ಳು ಟಕ್ ಅಂತ ಮೇಲೆ ಹಾರಿತು. ಆಫ್ ಮಾಡಿದರೆ ಇಳಿಯಿತು. ಮೂರೂ ಹಾಕಿದರೆ ವೈಪರ್ ಮುದುಕನ ಹಾಗೆ ತೆವಳುತ್ತದೆ. ಇದೇನು?

ಹೊಸನಗರ ಮಲ್ಟಿಮೀಟರ್:
ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯುವುದೂ ಇಲ್ಲ, ಆರುವುದೂ ಇಲ್ಲ. ನಿಮ್ಮ ಎಂಜಿನ್ ಹೀಟ್ ಆಗುತ್ತಿಲ್ಲ. ಇದು ಅರ್ತಿಂಗ್ ತೊಂದರೆ, ಅಂದರೆ ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ ಕೆಟ್ಟಿದೆ.

ಟೆಂಪರೇಚರ್ ಸೆನ್ಸರ್ ಎಂಜಿನ್‌ನಲ್ಲಿದೆ. ಅದು ಬಿಸಿಯಾದಷ್ಟೂ ಕರೆಂಟನ್ನು ಜಾಸ್ತಿ ಬಿಡುತ್ತದೆ, ಆಗ ಮುಳ್ಳು ಏರುತ್ತದೆ. ಸೆನ್ಸರಿನ ಅರ್ತ್ ಎಂಜಿನ್, ಮೀಟರಿನ ಅರ್ತ್ ಬಾಡಿ. ಇವೆರಡರ ಮಧ್ಯೆ ಅರ್ತ್ ವೈರ್ ಸರಿ ಇದ್ದರೆ ತೊಂದರೆ ಇಲ್ಲ. ಅದು ಸಡಿಲ ಆದರೆ, ಹೆಡ್‌ಲೈಟ್‌ನಂಥ ದೊಡ್ಡ ಲೋಡ್ ಬಿದ್ದಾಗ ಬಾಡಿಗೂ ಎಂಜಿನ್‌ಗೂ ನಡುವೆ ವೋಲ್ಟೇಜ್ ವ್ಯತ್ಯಾಸ ಬರುತ್ತದೆ. ಮೀಟರ್ ಅದನ್ನು ಹೀಟ್ ಅಂತ ತೋರಿಸುತ್ತದೆ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಅಂತ ಬಿಡಬೇಡಿ. ಬ್ಯಾಟರಿಯಿಂದ ಗೇರ್‌ಬಾಕ್ಸಿಗೆ ಹೋಗುವ ದಪ್ಪ ಕೇಬಲ್ ಬೇರೆ, ಬಾಡಿಯದ್ದು ಬೇರೆ.

ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಾಡಿಯ ಬರಿ ಲೋಹಕ್ಕೆ ಇಡಿ. ಎಂಜಿನ್ ಓಡುತ್ತಿರಲಿ, ಲೈಟ್ ಆನ್ ಇರಲಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಇತ್ತೀಚೆಗೆ ಗಾಡಿಗೆ ಏನು ಕೆಲಸ ಆಗಿದೆ?

ತೀರ್ಥಹಳ್ಳಿ 800:
1.4 ತೋರಿಸುತ್ತಿದೆ. ಕೆಲಸ ಅಂದರೆ, ಯುಗಾದಿ ಹೊತ್ತಿಗೆ ಮುಂದಿನ ಕಡೆ ಟಿಂಕರಿಂಗ್, ಪೇಂಟ್ ಮಾಡಿಸಿದ್ದೆ. ಅದೇ ಸಮಯಕ್ಕೆ 100/90 ವಾಟ್ ಹೆಡ್‌ಲೈಟ್ ಬಲ್ಬ್ ಹಾಕಿಸಿದೆ. ಎಂಜಿನ್ ಮುಟ್ಟಿಲ್ಲ.

ಶಿವಮೊಗ್ಗ ಸ್ಪ್ಯಾನರ್:
ಅಯ್ಯೋ! ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಬರೆಯುವ ಕೆಲಸ ಇರುತ್ತಿರಲಿಲ್ಲ. ಅರ್ತ್ ಬೋಲ್ಟಿನ ಅಡಿಗೂ ಪೇಂಟ್ ಹೊಡೆದು ಅದರ ಮೇಲೆ ವೈರ್ ಕೂರಿಸಿರುತ್ತಾರೆ. ಆ 100/90 ಬಲ್ಬಿಗೆ ರಿಲೇ ಹಾಕಿದ್ದಾರಾ?

ತೀರ್ಥಹಳ್ಳಿ 800:
ರಿಲೇ ಅಂದರೆ?

ಹೊಸನಗರ ಮಲ್ಟಿಮೀಟರ್:
ಹಾಕಿಲ್ಲ ಅಂತ ಅರ್ಥ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಅದಿದ್ದರೆ ಬಲ್ಬಿನ ಕರೆಂಟ್ ಸ್ಟೇರಿಂಗ್ ಸ್ವಿಚ್ಚಿನಲ್ಲಿ ಹೋಗುವುದಿಲ್ಲ. ಕಂಪನಿ ಬಲ್ಬ್ 60/55, ಬ್ರೈಟ್‌ಗೆ 60 ವಾಟ್, ಡಿಮ್‌ಗೆ 55. ಬ್ರೈಟ್‌ನಲ್ಲಿ ಎರಡೂ ಸೇರಿ 120 ವಾಟ್, ಅಂದರೆ 12 ವೋಲ್ಟಿಗೆ 10 ಆಂಪಿಯರ್. ನಿಮ್ಮದು 200 ವಾಟ್, ಹತ್ತಿರ ಹತ್ತಿರ 17 ಆಂಪಿಯರ್. ಅಷ್ಟೂ ಹಳೇ ತೆಳು ವೈರಿನಲ್ಲಿ, ಸ್ಟೇರಿಂಗ್ ಪಕ್ಕದ ಸ್ವಿಚ್ಚಿನಲ್ಲಿ ಹೋಗುತ್ತಿದೆ. ಹೋಲ್ಡರ್ ಕರಗಿದೆಯಾ ನೋಡಿ. ಇನ್ನೊಂದು ಮಾತು. ಅರ್ತ್ ಕೆಟ್ಟರೆ ಕರೆಂಟ್ ಬೇರೆ ದಾರಿ ಹುಡುಕಿಕೊಳ್ಳುತ್ತದೆ, ಆಕ್ಸಿಲರೇಟರ್ ಕೇಬಲ್‌ನಲ್ಲೂ ವಾಪಸ್ ಹೋಗುತ್ತದೆ. ಕೇಬಲ್ ಒಳಗೇ ಸುಟ್ಟು ಹಿಡಿದುಕೊಂಡರೆ ಘಾಟಿಯಲ್ಲಿ ಕಷ್ಟ. ಆದ್ದರಿಂದ ಶನಿವಾರದ ಮೊದಲು ಇದನ್ನು ಮಾಡಿ.

ಬ್ಯಾಟರಿ ನೆಗೆಟಿವ್ ಬಿಚ್ಚಿ. ಬಾಡಿ ಅರ್ತ್ ಬೋಲ್ಟ್ ತೆಗೆದು ಪೇಂಟ್ ಪೂರ್ತಿ ಉಜ್ಜಿ, ಲೋಹ ಹೊಳೆಯಬೇಕು. ವೈರಿನ ತುದಿಯನ್ನೂ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ, ನಮ್ಮ ಮಳೆಗೆ ಇಲ್ಲದಿದ್ದರೆ ಮುಂದಿನ ವರ್ಷ ತುಕ್ಕು. ಗೇರ್‌ಬಾಕ್ಸ್ ಬೋಲ್ಟಿನಿಂದ ಬಾಡಿಗೆ ಇನ್ನೊಂದು ದಪ್ಪ ವೈರ್ ಹಾಕಿದರೆ ಇನ್ನೂ ಒಳ್ಳೆಯದು. ರಿಲೇ ಹಾಕುವವರೆಗೆ ಹಳೇ 60/55 ಬಲ್ಬ್ ಹಾಕಿಕೊಳ್ಳಿ.

ಭದ್ರಾವತಿ ಪಿಸ್ಟನ್:
ಅರ್ತ್ ಇರಬಹುದು. ಆದರೂ ಥರ್ಮೋಸ್ಟಾಟ್ ಹೊಸದು ಹಾಕಿಬಿಡಿ, ಹೇಗಿದ್ದರೂ ಬಿಚ್ಚಿದ್ದೀರಲ್ಲ.

ತೀರ್ಥಹಳ್ಳಿ 800:
ಬೋಲ್ಟಿನ ಅಡಿ ದಪ್ಪ ಪೇಂಟ್ ಇತ್ತು. ಉಜ್ಜಿ ಹಾಕಿದೆ. ಈಗ ಮಲ್ಟಿಮೀಟರ್‌ನಲ್ಲಿ 0.05 ವೋಲ್ಟ್. ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿದರೂ ಮುಳ್ಳು ಮಧ್ಯದಲ್ಲೇ ನಿಂತಿದೆ. ಎಡಗಡೆಯ ಬಲ್ಬ್ ಹೋಲ್ಡರ್ ನಿಜವಾಗಿಯೂ ಕರಗಿದೆ. ಹಳೇ ಥರ್ಮೋಸ್ಟಾಟ್ ವಾಪಸ್ ಹಾಕಿದೆ. ಹೆಡ್ ಇಳಿಸುವುದು ಬೇಡ ಅಂತ ಮೆಕ್ಯಾನಿಕ್‌ಗೆ ಹೇಳಿದೆ, ಅವನಿಗೆ ಬೇಜಾರು. ರಿಲೇ, ಸಿರಾಮಿಕ್ ಹೋಲ್ಡರ್ ಎಲ್ಲಿ ಸಿಗುತ್ತದೆ?

ಶಿವಮೊಗ್ಗ ಸ್ಪ್ಯಾನರ್:
ಶಿವಮೊಗ್ಗಕ್ಕೆ ಬಂದರೆ ಯಾವುದೇ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವೈರಿಂಗ್ ಸೆಟ್ ಅಂತಲೇ ಕೇಳಿ. ಎರಡು ರಿಲೇ, ಫ್ಯೂಸ್, ಹೋಲ್ಡರ್ ಎಲ್ಲ ಜೋಡಿಸಿಯೇ ಬರುತ್ತದೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ.

ಕೊಪ್ಪ ಓಮ್ನಿ:
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಓಮ್ನಿ ಬೆಳಿಗ್ಗೆ ಹೊತ್ತು ಚಡಾವಿನಲ್ಲಿ ಎಳೆಯುವುದೇ ಇಲ್ಲ. ಬಹಳ ದೂರ ಚೋಕ್ ಎಳೆದುಕೊಂಡೇ ಹೋಗಬೇಕು. ಇದೂ ಅರ್ತಿಂಗಾ?

ಭದ್ರಾವತಿ ಪಿಸ್ಟನ್:
ಥರ್ಮೋಸ್ಟಾಟ್ ಇದೆಯಾ, ತೆಗೆಸಿದ್ದೀರಾ?

ಕೊಪ್ಪ ಓಮ್ನಿ:
ಹಳೇ ಓನರ್ ತೆಗೆಸಿದ್ದಾರೆ ಅಂತ ಕೇಳಿದ್ದೆ.

ಭದ್ರಾವತಿ ಪಿಸ್ಟನ್:
ಸ್ಪ್ಯಾನರ್ ಅವರೇ, ಸ್ವಲ್ಪ ಈ ಕಡೆ ಬನ್ನಿ.